ಹಂದಿಯ ಒಪ್ಪಿಗೆ

ಬಲಿಯ ಹೊತ್ತಿನಲ್ಲಿ ತನ್ನ ಹೊಟ್ಟೆ ಗುರುಗುಟ್ಟಿದರೆ ಅದು ಅಪಶಕುನವಾಗುತ್ತದೆಯೇ ಎಂದು ಯಾರನ್ನು ಕೇಳುವುದು?

ವಿಬಿಯಾ ಯಾರನ್ನೂ ಕೇಳಲಿಲ್ಲ. ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಮಹಡಿಯ ಕೋಣೆಯಲ್ಲಿ ಕಿಟಕಿಗೆ ಒರಗಿ, ನಿನ್ನೆಯಿಂದ ಉಪವಾಸವಿದ್ದ ಹೊಟ್ಟೆಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು ಕೂತಿದ್ದಳು. ಇಲಿ ಕಿಚ್ಚೆಂದರೂ ಪೂಜೆ ಕೆಟ್ಟಿತು, ಮೊದಲಿನಿಂದ ಶುರುಮಾಡಬೇಕು. ಹೊಟ್ಟೆಯ ಬಗ್ಗೆ ಹಿಂದಿನವರು ಏನೂ ಹೇಳಿ ಹೋಗಿರಲಿಲ್ಲ. ಹಿಂದಿನವರಿಗೆ ಹೊಟ್ಟೆ ಇರಲಿಲ್ಲವೇನೋ.

ಮೇಣದ ಹಲಗೆಯ ಮೇಲೆ ಅದನ್ನೇ ಬರೆದಳು. ಓದಿಕೊಂಡಳು. ಹೆಬ್ಬೆರಳಿನಿಂದ ತಿಕ್ಕಿ ಅಳಿಸಿದಳು. ಗ್ರೀಕ್ ಕಲಿತ ಹುಡುಗಿಯ ಬದುಕು ಆ ಹಲಗೆಯ ಮೇಲೆ ದಿನವೂ ನಡೆದು ದಿನವೂ ನುಣ್ಣಗಾಗುತ್ತಿತ್ತು.

ಇವತ್ತು ಅವಳ ವಿಷಯವಾಗಿ ರೋಮನ್ನರ ಹಿರಿಯ ದೇವರು ಜುಪಿಟರನನ್ನು ಕೇಳುವುದಿತ್ತು. ಜುಪಿಟರನ ಪೂಜಾರಿ ಪಾಪಿರಿಯಸ್‌ನ ಹೆಂಡತಿ ತೀರಿಕೊಂಡಿದ್ದಳು. ಹೆಂಡತಿಯಿಲ್ಲದವನು ಆ ಪೂಜೆಗೆ ನಿಲ್ಲುವ ಹಾಗಿಲ್ಲ. ವಿಬಿಯಾಳ ಅಪ್ಪ ಸೆರ್ವಿಯಸ್ ಊರಿನ ಪುರೋಹಿತ ಮಂಡಲಿಯ ಹಿರಿಯರು. ಮಂಡಲಿಯಲ್ಲಿ ಉಳಿದವರು ಅವರೊಬ್ಬರೇ ಆದ್ದರಿಂದ ಕಿರಿಯರೂ ಅವರೇ. ಬಲಿ ತಪ್ಪಿಲ್ಲದೆ ಮುಗಿದರೆ ದೇವರು ವಿಬಿಯಾಳನ್ನು ಅವನ ಹೊಸ ಹೆಂಡತಿಯಾಗಿ ಒಪ್ಪಿದ ಹಾಗೆ, ಸಂಜೆಗೇ ಮದುವೆ. ನಾಳೆಯಿಂದ ಮೇ ತಿಂಗಳು, ಸತ್ತವರದು, ಯಾರೂ ಮದುವೆಯಾಗುವುದಿಲ್ಲ. ಅದು ಕಳೆಯುವಷ್ಟರಲ್ಲಿ ಬಲಿಯನ್ನೇ ನಿಲ್ಲಿಸಿ ಕ್ರಿಸ್ತನವನಾದ ಚಕ್ರವರ್ತಿಯ ಆಜ್ಞೆ ಬರುತ್ತದೆಂದು ಊರೆಲ್ಲ ಗುಲ್ಲು.

ದೊಡ್ಡಿಯಲ್ಲಿ ಎರಡೇ ಹಂದಿ ಉಳಿದಿದ್ದವು. ಎರಡೂ ಕೆಟ್ಟರೆ ಅವಳು ಉಳಿದುಕೊಂಡಳು.

ಪಾಪಿರಿಯಸ್ ಕೆಟ್ಟವನೇನಲ್ಲ. ಆದರೆ ಜುಪಿಟರನ ಪೂಜಾರಿಯ ಹೆಂಡತಿ ಮೂರು ಮೆಟ್ಟಿಲಿಗಿಂತ ಮೇಲೆ ಹತ್ತಬಾರದು. ಯಾಕೆಂದು ಯಾರಿಗೂ ಗೊತ್ತಿಲ್ಲ. ವಿಬಿಯಾಳ ಕೋಣೆ ಮಹಡಿಯಲ್ಲಿತ್ತು. ಕಿಟಕಿಯೂ ಅಲ್ಲೇ ಇತ್ತು. ಅವಳು ಇದ್ದದ್ದೆಲ್ಲ ಅಲ್ಲೇ.

ಸಬಿನಾ ಅತ್ತೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಅಪ್ಪನ ತಂಗಿ. ಹೋದ ಈಸ್ಟರ್‌ಗೆ ನೀರಿನಲ್ಲಿ ಮುಳುಗಿ ಕ್ರಿಸ್ತನವಳಾದ ಮೇಲೆ ಅಣ್ಣನ ಮನೆಯ ದೇವರ ಗೂಡಿನ ಮುಂದೆ ಹಾಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹಾಗಾಗಿ ಪ್ರತಿ ಸಲವೂ ಅಲ್ಲಿಟ್ಟ ಕೊಡ ಎಡವುತ್ತಿದ್ದಳು.

"ನಮ್ಮ ಕಡೆ ಬಂದ್ಬಿಡೆ," ಅಂದಳು. "ಕನ್ಯೆಯಾಗಿ ದೇವರಿಗೆ ಮುಡಿಪಾದ್ರೆ ಗಂಡನ ಕಾಟವೇ ಇಲ್ಲ."

"ಅಲ್ಲಿ ಮಹಡಿ ಇದೆಯಾ ಅತ್ತೆ?"

"ಎಷ್ಟು ಮೆಟ್ಟಿಲು ಬೇಕಾದ್ರೂ ಹತ್ತು. ಓದೋದು ಮಾತ್ರ ಅವರು ಕೊಟ್ಟಿದ್ದನ್ನೇ ಓದ್ಬೇಕು." ಅತ್ತೆ ದನಿ ತಗ್ಗಿಸಿದಳು. "ಆಮೇಲೆ, ಆ ದೊಡ್ಡ ಹಂದಿದು ಒಂದು ತೊಡೆ ನನಗೆ ಎತ್ತಿಡೋಕೆ ಹೇಳು. ದೇವರಿಗೆ ಕೊಡೋಕೆ ಮುಂಚೆ. ಕೊಟ್ಟಿದ್ದನ್ನ ನಾವು ತಿನ್ನೋ ಹಾಗಿಲ್ಲ."

"ಮುಂಚೆ ಅದು ಜೀವಂತ ಇರುತ್ತೆ."

"ಮನಸ್ಸಿನಲ್ಲೇ ಎತ್ತಿಡು ಅಂದೆ."

ದೇವಸ್ಥಾನದ ಮುಂದೆ ಬಲಿಪೀಠ. ವಿಬಿಯಾಳನ್ನು ಬಿಟ್ಟರೆ ಸುತ್ತ ನಾಲ್ಕೇ ಜನ. ಅಪ್ಪ ಮೈಗೆ ಸುತ್ತಿದ ಟೋಗಾದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಿವಿ ಮುಚ್ಚುವಂತೆ ಮುಸುಕು ಹಾಕಿದ್ದರು. ಕೊಳಲಿನ ಕ್ರೆಸ್ಕೆನ್ಸ್ ಜೋಡಿಕೊಳಲನ್ನು ತುಟಿಗಿಟ್ಟು ಸಿದ್ಧನಾಗಿದ್ದ. ಕೆಟ್ಟ ಸದ್ದೊಂದೂ ಪೂಜೆ ಮಾಡುವವರ ಕಿವಿಗೆ ಬೀಳದಂತೆ ಊದುತ್ತಲೇ ಇರುವುದು ಅವನ ಕೆಲಸ. ಸಂಗೀತವೆಂದು ಅದನ್ನು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಕೊಡತಿ ಹಿಡಿದವನೊಬ್ಬ ಹಂದಿಯ ಪಕ್ಕ ನಿಂತಿದ್ದ. ಪಾಪಿರಿಯಸ್ ಉಟ್ಟ ಬಟ್ಟೆ ಜಾರದಂತೆ ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಪೂಜಾರಿಯ ಮೈಮೇಲೆ ಗಂಟು ಇರಬಾರದು. ಪದವಿ ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ.

ಅಪ್ಪ ಹಂದಿಯ ತಲೆಗೆ ಉಪ್ಪು ಬೆರೆಸಿದ ಹಿಟ್ಟು ಉದುರಿಸಿದರು. ಈಗ ಅದು ತಲೆಯಾಡಿಸಬೇಕು. ತನ್ನಿಷ್ಟದಿಂದ ಒಪ್ಪದ ಹಂದಿಯನ್ನು ದೇವರು ಮುಟ್ಟುವುದಿಲ್ಲ. ಹಂದಿ ಯೋಚಿಸುತ್ತಿತ್ತು. ಊದುತ್ತಿದ್ದ ಕ್ರೆಸ್ಕೆನ್ಸ್ ಉಸಿರೆಳೆದುಕೊಂಡ. ಆ ಒಂದು ಬಿರುಕಿನಲ್ಲಿ ವಿಬಿಯಾಳ ಹೊಟ್ಟೆ ಗುರ್ರ್ ಎಂದಿತು. ಉದ್ದಕ್ಕೆ ಎಳೆದು, ಕೊನೆಗೆ ಪ್ರಶ್ನೆಯ ಹಾಗೆ ಏರಿ ನಿಂತಿತು.

ಎಲ್ಲ ನಿಂತಿತು. ಕೊಡತಿಯೂ.

"ಇಲಿ," ಅಂದರು ಅಪ್ಪ, ಮುಸುಕಿನೊಳಗಿಂದ.

ಪಾಪಿರಿಯಸ್ ಅದು ನೆಲದೊಳಗಿನ ಗುಡುಗು ಅಂದ. ಇಬ್ಬರೂ ಗಂಭೀರವಾಗಿ ಚರ್ಚಿಸಿ ಇಲಿಯೆಂದೇ ತೀರ್ಮಾನಿಸಿದರು. ವಿಬಿಯಾಳ ಕಿವಿ ಬಿಸಿಯಾಗಿತ್ತು. ನಾಚಿಕೆಯಿಂದಲ್ಲ. ಅವಳ ಒಳಗಿನದೊಂದು ಮೊಟ್ಟಮೊದಲ ಸಲ ಹೊರಗಿನದನ್ನು ನಿಲ್ಲಿಸಿತ್ತು. ಅದರ ಹೆಸರು ಇಲಿಗೆ ಹೋದರೂ ಚಿಂತೆಯಿಲ್ಲ.

ಪೂಜೆ ಕೆಟ್ಟ ಹಂದಿಯನ್ನು ಮತ್ತೆ ನಿಲ್ಲಿಸುವ ಹಾಗಿಲ್ಲ. ದೇವರು ಬೇಡ ಅಂದದ್ದು ನಮಗೆ ನಡೆಯುತ್ತದೆ ಎಂದು, ಬೀದಿಯಂಚಿನಲ್ಲಿ ಕಾದಿದ್ದ ಅತ್ತೆ ಅದನ್ನು ಇಡಿಯಾಗಿ ಹೊಡೆದುಕೊಂಡು ಹೋದಳು.

ಅಪ್ಪನಿಗೆ ಬೇಸರವಿರಲಿಲ್ಲ. ದೇವರು ಬೇಡ ಎಂದರೆ ಮತ್ತೆ ಕೇಳಬಹುದು. ಹೌದು ಎಂದರೆ ಒಂದೇ ಸಲ ಸಾಕು. ತಾತಂದಿರ ಕಾಲದಿಂದ ನಡೆದು ಬಂದದ್ದು ಹಾಗೆ. ಕೊಳಲಿನವನನ್ನು ಮಾತ್ರ ತರಾಟೆಗೆ ತೆಗೆದುಕೊಂಡರು.

"ನೀನು ಉಸಿರು ತಗೊಂಡೆ."

"ಯಜಮಾನ್ರೇ, ತಗೊಳ್ದೆ ಹೇಗೆ ಊದ್ಲಿ?"

"ಮೂಗಿನಲ್ಲಿ ತಗೊ."

ಕ್ರೆಸ್ಕೆನ್ಸ್ ಗಾಳಿ ಸೋರದಂತೆ ಕೆನ್ನೆಗೆ ತೊಗಲಿನ ಪಟ್ಟಿ ಬಿಗಿದುಕೊಂಡ. ಆ ಕ್ರಿಸ್ತನವರು ಕೊಳಲು ಸೇರಿಸೋದಿಲ್ಲ ಅಮ್ಮಾವ್ರೇ, ಇಲ್ಲದಿದ್ರೆ ಯಾವತ್ತೋ ಹೋಗಿರ್ತಿದ್ದೆ ಎಂದು ವಿಬಿಯಾಳ ಕಿವಿಯಲ್ಲಿ ಗೊಣಗಿದ.

ಎರಡನೆಯ ಹಂದಿಯನ್ನು ತೊಳೆದು ತರುವವರೆಗೆ ಅವಳೂ ಪಾಪಿರಿಯಸ್ಸೂ ಮೆಟ್ಟಿಲ ಮೇಲೆ ಕೂತರು. ಮೂರನೆಯ ಮೆಟ್ಟಿಲು. ಅವನೇ ಆರಿಸಿದ್ದು. ಎದುರಿಗೆ ಮೇಕೆಯೊಂದು ಹಾದುಹೋಯಿತು. ಪೂಜಾರಿ ಮೇಕೆಯ ಹೆಸರೆತ್ತುವ ಹಾಗಿಲ್ಲ. ಅದು ದಾಟುವ ತನಕ ಅವನು ಆಕಾಶ ನೋಡಿದ.

"ಮಂಚದ ಕಾಲಿಗೆ ಹೊಸ ಮಣ್ಣು ಮೆತ್ತಿಸಿದೀನಿ," ಅಂದ. ಅದೂ ಒಂದು ನಿಯಮ.

"ಒಳ್ಳೇದು."

"ನಿಮಗೆ ಏನಾದ್ರೂ ಬೇಕಿದ್ರೆ ಹೇಳಿ."

"ಪುಸ್ತಕ ಇದಾವೆ. ಮೇಲೆ."

"ಕೆಳಗೆ ತರಿಸೋಣ."

"ಕಿಟಕಿ?"

ಅವನು ನಿಜವಾಗಿಯೂ ಯೋಚಿಸಿದ. ಹಣೆ ಸುಕ್ಕಾಯಿತು. "ಕಿಟಕಿ ತರೋಕಾಗಲ್ಲ," ಅಂದ.

ಅವಳು ಕೇಳಿದಳು: "ಅವರು ಮಾತಾಡ್ತಿದ್ರಾ? ನಿಮ್ಮ ಮೊದಲಿನವರು?"

"ಗುಡುಗಿದಾಗ," ಅಂದ ಪಾಪಿರಿಯಸ್. "ಗುಡುಗಿದಾಗ ಹೆಂಡತಿ ಶಾಂತಿಮಂತ್ರ ಹೇಳ್ಬೇಕು. ಚೆನ್ನಾಗಿ ಹೇಳ್ತಿದ್ಲು."

ಅಪ್ಪ ಬಂದರು. ಕೈಯಲ್ಲಿ ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ. "ಮುಖ ಬಾಡಿದೆ ಮಗಳೇ, ತಿನ್ನು. ಹೆಣ್ಣು ಉಪವಾಸ ಇರ್ಬೇಕು ಅಂತ ಎಲ್ಲೂ ಹೇಳಿಲ್ಲ," ಅಂದರು. ಮುರಿದು ಅವಳ ಕೈಗಿಟ್ಟರು. ಬೇಡ ಎನ್ನಲು ಅವಳಿಗೆ ಎಂದೂ ಬಂದಿರಲಿಲ್ಲ. ತಿಂದಳು. ರುಚಿಯಾಗಿತ್ತು. ಕೊನೆಯ ತುತ್ತು ಇಳಿದ ಮೇಲೆ, ತಾನು ತಿಂದದ್ದು ಹೊಟ್ಟೆಯ ಆ ಒಂದು ಸದ್ದನ್ನೇ ಎಂದು ಹೊಳೆಯಿತು.

ಎರಡನೆಯ ಹಂದಿ ಚಿಕ್ಕದು. ಕಿವಿ ತೆಳ್ಳಗೆ, ಬಿಸಿಲು ಹಾಯುವಷ್ಟು. ಕ್ರೆಸ್ಕೆನ್ಸ್ ಊದತೊಡಗಿದ. ಮೂಗಿನಲ್ಲಿ ಉಸಿರೆಳೆಯುವುದು ಅವನಿಗೆ ಬಂದುಬಿಟ್ಟಿತ್ತು. ಕೊಳಲಿನ ಸದ್ದಿನಲ್ಲಿ ಕೂದಲು ತೂರುವಷ್ಟೂ ಸಂದಿಲ್ಲ. ಅಪ್ಪನ ತುಟಿ ಆಡುತ್ತಿತ್ತು. ವಿಬಿಯಾ ತನ್ನ ಹೊಟ್ಟೆಗೆ ಕಿವಿಗೊಟ್ಟಳು. ಒಳಗೆ ಸದ್ದಿಲ್ಲ. ತುಂಬಿದ ಹೊಟ್ಟೆಗೆ ಹೇಳುವುದೇನೂ ಇರಲಿಲ್ಲ.

ಪಾಪಿರಿಯಸ್ ಅವಳತ್ತ ನೋಡಿ ಸಂಕೋಚದಿಂದ ನಕ್ಕ. ದೇವಸ್ಥಾನದ ಮೆಟ್ಟಿಲಿನಷ್ಟೇ ಹಳೆಯ ನಗು.

ಉಪ್ಪುಹಿಟ್ಟು ಉದುರಿತು. ಹಂದಿ ಅಲ್ಲಾಡಲಿಲ್ಲ. ಎಲ್ಲರೂ ಅದನ್ನೇ ನೋಡುತ್ತಾ ಕಾದರು. ಅಪ್ಪ ಬಾಗಿ ಕಾದರು, ಕೊಡತಿಯವನು ಕಾದ. ಅದರ ಮನಸ್ಸಿನಲ್ಲಿ ಏನಿದೆಯೆಂದು ಇಷ್ಟು ಜನ ಇಷ್ಟು ತಾಳ್ಮೆಯಿಂದ ಕಾಯುತ್ತಿದ್ದುದನ್ನು ಕಂಡು ವಿಬಿಯಾಳಿಗೆ ಹೊಟ್ಟೆಕಿಚ್ಚಾಯಿತು. ಹಂದಿಯ ಮೇಲೆ ಹೊಟ್ಟೆಕಿಚ್ಚು. ನಗು ಬಂತು. ಬಾಯಿ ತೆರೆದಾಗ ಹೊರಟದ್ದು ಮಾತು.

"ಅಪ್ಪ," ಅಂದಳು. "ನನಗೆ ಇದು ಬೇಡ."

ಕ್ರೆಸ್ಕೆನ್ಸ್‌ನ ಕಣ್ಣು ಅವಳತ್ತ ಹೊರಳಿತು. ಅವನಿಗೆ ಕೇಳಿಸಿತ್ತು. ಕೆಲಸ ಬಲ್ಲವನು, ಅದು ಅಪ್ಪನ ಕಿವಿಗೆ ಬೀಳದಂತೆ ಕೆನ್ನೆಗಳನ್ನು ಇನ್ನಷ್ಟು ಉಬ್ಬಿಸಿದ.

ಅವಳು ಬಾಯಿ ದೊಡ್ಡದು ಮಾಡಿ ಮತ್ತೆ ಹೇಳಿದಳು. ಬಲಿಪೀಠದ ಪಕ್ಕದಿಂದ ಹಂದಿಯೊಂದೇ ಅವಳ ಕಡೆ ಕಿವಿ ತಿರುಗಿಸಿ, ಹಿಟ್ಟು ಮೆತ್ತಿದ ತಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿತು.