ಉಗ್ರಾಣದಲ್ಲಿ ನಕ್ಕವರು

ನಮ್ಮ ಕಥಾ ತರಗತಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ನಿಮ್ಮ ಕಥೆಯ ಚರ್ಚೆ ಮುಗಿಯುವ ತನಕ ನೀವು ಬಾಯಿ ಬಿಡುವಂತಿಲ್ಲ. ನನಗೆ ಹೇಳಿ ಮಾಡಿಸಿದ ಕಾನೂನು. ಓಹಿಯೋದ ಆ ಕಾಲೇಜಿನಲ್ಲಿ ಎರಡು ವರ್ಷ ನಾನು ಸುಮ್ಮನಿದ್ದೇ ಕಳೆದಿದ್ದೆ. ಶಾಲೆಯ ಗುಂಡಿನ ದಾಳಿಯಲ್ಲಿ ಬದುಕಿ ಉಳಿದವಳು ಎಂದು ಯಾರಿಗೂ ಹೇಳಿರಲಿಲ್ಲ.

ಆ ಮಂಗಳವಾರ ನನ್ನ ಸರದಿ. ಕಥೆಯಲ್ಲಿ ಹತ್ತೊಂಬತ್ತು ಮಕ್ಕಳು, ಒಬ್ಬ ಮೇಷ್ಟ್ರು ರಸಾಯನ ಪ್ರಯೋಗಾಲಯದ ಉಗ್ರಾಣದಲ್ಲಿ ಅಡಗಿ ಕೂತಿರುತ್ತಾರೆ. ಹೊರಗೆ ಗುಂಡಿನ ಸದ್ದು. ಒಳಗೆ ಮೇಷ್ಟ್ರ ಹೊಟ್ಟೆ ಗುರ್‍ರ್ ಎನ್ನುತ್ತದೆ. ‘ಕ್ಷಮಿಸ್ರಪ್ಪಾ, ಡಯಟ್ಟು’ ಎಂದು ಅವರು ಪಿಸುಗುಟ್ಟುತ್ತಾರೆ. ಮಕ್ಕಳು ಅಂಗಿಯ ತೋಳು ಕಚ್ಚಿಕೊಂಡು ನಗುತ್ತಾರೆ. ಆ ಒಂದು ಪುಟಕ್ಕಾಗಿಯೇ ಇಡೀ ಕಥೆ ಬರೆದಿದ್ದೆ.

“ಈ ನಗು ತೆಗೀಲೇಬೇಕು,” ಎಂದ ಸಹಪಾಠಿ ವೆಂಡೆಲ್. “ಅಂಥ ಹೊತ್ತಲ್ಲಿ ಯಾರಾದ್ರೂ ಕಿಸೀತಾರಾ?”

“ನಿಮ್ಮಜ್ಜಿ ಮಣ್ಣಿಗೆ ಹೋದಾಗ ನೀನೇ ಕಿಸಿದ್ಯಂತಲ್ಲೋ!” ಎಂದಳು ಪಕ್ಕದ ಕೆಜಾಯ.

“ಅದು ಬೇರೆ ಕಣೇ, ಪಾದ್ರಿ ವಿಗ್ ಜಾರಿತ್ತು. ನಾನು ಓದ್ಕೊಂಡು ಬಂದಿದೀನಿ, ಕೇಳಿಲ್ಲಿ.” ಫೋನ್ ತೆಗೆದು ಹಳೆಯ ಪತ್ರಿಕಾ ವರದಿಯೊಂದನ್ನು ಓದಿದ: “‘ಉಗ್ರಾಣದಲ್ಲಿ ಯಾರೂ ಉಸಿರೆತ್ತಲಿಲ್ಲ, ಎಲ್ಲರೂ ಪ್ರಾರ್ಥಿಸುತ್ತಿದ್ದೆವು ಎಂದು ಹೆಸರು ಹೇಳಲೊಪ್ಪದ ಹದಿನಾರರ ವಿದ್ಯಾರ್ಥಿನಿ ತಿಳಿಸಿದಳು.’ ನೋಡಿ, ಇದೂ ರಸಾಯನದ ಉಗ್ರಾಣಾನೇ. ನಿಜ ಅಂದ್ರೆ ಇದು!”

ಮೇಜಿನ ಸುತ್ತ ಹೌದೆಂದು ತಲೆಗಳು ಆಡಿದವು. ಆ ವಿದ್ಯಾರ್ಥಿನಿ ನಾನೇ.

ಕೊನೆಗೆ ತರಗತಿ ನಡೆಸುವ ಪ್ರುವಿಟ್ ಮೇಡಂ, “ಈಗ ಮಾತಾಡಮ್ಮ ಮೇರನ್. ನಗು ಇಡ್ತೀಯೋ, ತೆಗೀತೀಯೋ?” ಎಂದರು.

ತೆಗೆಯುತ್ತೇನೆ ಎಂದರೆ ಮುಗಿಯಿತು, ಎಲ್ಲರೂ ಊಟಕ್ಕೆ ಹೊರಡಬಹುದು.

“ಇಡ್ತೀನಿ ಮೇಡಂ. ಪೇಪರಿಗೆ ಹಾಗೆ ಹೇಳಿದ್ದು ನಾನೇ. ಸುಳ್ಳು ಹೇಳಿದ್ದೆ.”



“ಯಾಕೆ?” ಎಂದ ವೆಂಡೆಲ್.

“ನಾವು ನಗ್ತಿದ್ದಾಗ ಮೇಲಿನ ಮಹಡೀಲಿ ಮೂರು ಜನ ಸತ್ತೋಗಿದ್ರು. ನಮಗೆ ಗೊತ್ತಿರ್ಲಿಲ್ಲ. ನಾವು ನಕ್ವಿ ಅಂತ ಅವರಮ್ಮಂದಿರು ಓದ್ಬೇಕಾ ಅನ್ನಿಸ್ತು.”

“ಈಗ ಓದಿದ್ರೆ?” ಕೆಜಾಯ ಮೆಲ್ಲಗೆ ಕೇಳಿದಳು.

“ಓದ್ಲಿ. ಅವರಲ್ಲಿ ಒಬ್ಳು, ಡಾರ್ಲಾ ಅಂತ. ನಮ್ ಜೊತೆ ಇದ್ದಿದ್ರೆ ಎಲ್ರಿಗಿಂತ ಮೊದ್ಲು ಅವಳೇ ನಗ್ತಿದ್ದಿದ್ದು. ನಮ್ಮನ್ನೆಲ್ಲ ಸಿಕ್ಕಿಹಾಕಿಸ್ತಿದ್ಲು, ಪಾಪಿ.”

ಅವಳ ಹೆಸರನ್ನು ಜೋರಾಗಿ ಹೇಳಿ ಆರು ವರ್ಷವಾಗಿತ್ತು.

ಹೊರಡುವಾಗ ವೆಂಡೆಲ್ ನನ್ನ ಕಥೆಯ ತನ್ನ ಪ್ರತಿಯನ್ನು ನನಗೆ ಮರಳಿಸಿದ. ‘ನಗು ಅಸಹಜ’ ಎಂದು ಬರೆದದ್ದನ್ನು ಹೊಡೆದುಹಾಕಿದ್ದ. ಅಲ್ಪವಿರಾಮ ಜಾಸ್ತಿಯಾಯಿತೆಂಬ ದೂರನ್ನು ಮಾತ್ರ ಹಾಗೇ ಬಿಟ್ಟಿದ್ದ.