ಆರ್ಥಿಕ ಸಮೀಕ್ಷೆಗೆ ಒಂದು ಎಮ್ಮೆ

2025ರ ಫೆಬ್ರುವರಿ 14, ಶುಕ್ರವಾರ, ಬೆಳಿಗ್ಗೆ 6 ಗಂಟೆ 10 ನಿಮಿಷ. ಕಲ್ಲೋಳಿಯ ರಾಯವ್ವನ ಎಮ್ಮೆಯ ಮುಂದೆ ಸರ್ಕಾರ ನಿಂತಿತ್ತು. ಸರ್ಕಾರವೆಂದರೆ ಮೂವರು: ಗೋಕಾಕದಿಂದ ಜೀಪಿನಲ್ಲಿ ಬಂದ ಹಿರಿಯ ಅಧಿಕಾರಿ ರಾವಸಾಹೇಬರು, ಅವರ ಫೋಟೋಗ್ರಾಫರ್, ಮೂಡಲಗಿಯ ಅಂಕಿಅಂಶ ನಿರೀಕ್ಷಕ ಸೋಮಶೇಖರ.

ರಾಜ್ಯದ ಆರ್ಥಿಕ ಸಮೀಕ್ಷೆ ಆಗಲೇ ಅಚ್ಚಾಗಿತ್ತು. ಈ ಭಾಗದಲ್ಲಿ ಎಮ್ಮೆ ಹಾಲಿನ ಇಳುವರಿ ಶೇಕಡಾ ಆರು ಏರಿದೆ ಎಂದು ಅದರಲ್ಲಿತ್ತು. ಹಾಲು ಕರೆದು ಅಳೆಯುವುದಷ್ಟೇ ಬಾಕಿ. ಖರ್ಚು ಕಡಿತದ ಆದೇಶದಿಂದಾಗಿ ಮಾದರಿ ಎಮ್ಮೆಗಳ ಸಂಖ್ಯೆ ಹೋದ ವರ್ಷವೇ ಒಂದಕ್ಕೆ ಇಳಿದಿತ್ತು. ಈ ಸಲ ಚೀಟಿ ಎತ್ತಿದಾಗ ಬಂದದ್ದು ರಾಯವ್ವನ ಎಮ್ಮೆ.

ಹಾಲಿನ ಅಳತೆ ಅಚ್ಚಾದ ಸಮೀಕ್ಷೆಗೆ ಹೊಂದಿದರೆ ಹುಕ್ಕೇರಿಗೆ ವರ್ಗ ಎಂದು ರಾವಸಾಹೇಬರು ಸೋಮಶೇಖರನಿಗೆ ಮಾತು ಕೊಟ್ಟಿದ್ದರು. ಹೆಂಡತಿ ಶೈಲಾ ಅಲ್ಲಿ ಶಿಕ್ಷಕಿ. ಮದುವೆಯಾದಾಗಿನಿಂದ ಅವರ ಸಂಸಾರ ಭಾನುವಾರ ಮಾತ್ರ ನಡೆಯುತ್ತಿತ್ತು.

ರಾಯವ್ವ ಹೊರಬಂದಳು. ಮಗಳ ಮದುವೆಯಲ್ಲಿ ಉಟ್ಟ ರೇಷ್ಮೆ ಸೀರೆ, ಮುಖಕ್ಕೆ ಪೌಡರು. ಎಮ್ಮೆ ಒಮ್ಮೆ ಮೂಸಿ, ಹಿಂದೆ ಸರಿದು ಒದೆಯಿತು.

"ಅಕ್ಕಾರ, ದಿನಾ ಉಡೋ ಸೀರಿ ಉಟ್ಕೊಂಡು ಬರ್ರಿ. ಎಮ್ಮಿ ನಿಮ್ಮ ಗುರುತು ಹಿಡೀವಲ್ದು," ಎಂದ ಸೋಮಶೇಖರ.

"ಪೇಪರಿನ್ಯಾಗ ಫೋಟೋ ಬರತೈತಂತ. ಸೆಗಣಿ ಸೀರಿಯಾಗ ಕೂಡಲೇನು?"

"ನನ್ನ ವರ್ಗಾ ನಿಂತ್ಹೋಗತೈತ್ರಿ!"

"ನಿಮ್ಮ ವರ್ಗಾ ನಿಮಗ, ನನ್ನ ಫೋಟೋ ನನಗ. ಅಷ್ಟ ಅವಸರ ಇದ್ರ ನೀವ ಹಿಂಡ್ರಿ."

"ಇರಲಿ ಬಿಡ್ರಿ, ಸೀರಿಯಾಗ ಅಭಿವೃದ್ಧಿ ಕಾಣಾಕತ್ತೈತಿ," ಎಂದರು ರಾವಸಾಹೇಬರು.

ಫೋಟೋಗಳು ಚೆನ್ನಾಗಿ ಬಂದವು. ಹಾಲು ಬರಲಿಲ್ಲ. "ನಿನ್ನಿ ಸಂಜಿತನಕಾ ಛಂದ ಇದ್ದೆಲ್ಲ, ಹಡಬಿ!" ಎಂದು ರಾಯವ್ವ ಬೈದಷ್ಟೂ ಎಮ್ಮೆ ಹಾಲನ್ನು ಬಿಗಿಹಿಡಿಯಿತು. ಕೊನೆಗೆ ಬಿದ್ದದ್ದನ್ನು ಗೆರೆ ಹಾಕಿದ ಗಾಜಿನ ಪಾತ್ರೆಗೆ ಸುರಿದರು. ರಾವಸಾಹೇಬರು ಮೇಲಿನಿಂದಲೇ ಬಗ್ಗಿ ನೋಡಿ, "ಮುನ್ನೂರೈವತ್ತು ಮಿಲಿ," ಎಂದರು.

ಹಾಲು ಇಷ್ಟೇ ಎಂದು ಸೋಮಶೇಖರನ ಮುಖ ಕಪ್ಪಿಟ್ಟಿತು. "ಸಂಜಿಕ ಮತ್ತ ಅಳಿಯೂಣ್ರಿ, ಸಾಹೇಬ್ರ."

"ಸಂಜಿಕ ಡೀಸೆಲ್ ಯಾರ ಹಾಕಸ್ತಾರ? ಹ್ವಾದ ವರ್ಷ ಎಷ್ಟಿತ್ತು?"

ಸೋಮಶೇಖರ ಹಳೆಯ ಕಡತ ತೆರೆದು ನೋಡಿದ. "ಮುನ್ನೂರು ಮಿಲಿ. ಅದು ಬ್ಯಾರೆ, ಬತ್ತಾಕ ಬಂದ ಎಮ್ಮಿ ಇತ್ರಿ."

"ಬತ್ತಿತ್ತೋ ಇಲ್ಲೋ, ಸಮೀಕ್ಷೆಯಾಗ ಯಾರೂ ಕೇಳೂದಿಲ್ಲ." ಮೊಬೈಲಿನಲ್ಲಿ ಲೆಕ್ಕ ಒತ್ತಿದ ರಾವಸಾಹೇಬರ ಮುಖ ಅರಳಿತು. "ಏ ಸೋಮಶೇಖರ, ಶೇಕಡಾ ಹದಿನಾರು ದಾಟೇತ್ರಿ! ನಾವು ಬರೇ ಆರು ಅಂತ ಬರದಿದ್ವಿ. ಗುರಿ ಮೀರಿದ ಸಾಧನೆ!"

"ಹಂಗಾರ ನಂದು ಹುಕ್ಕೇರಿ..."

"ಇಂಥಾ ಬೆಳವಣಿಗಿ ತಂದ ಮನಷ್ಯಾನ್ನ ಯಾರ ಬಿಡ್ತಾರ್ರಿ? ಮುಂದಿನ ವರ್ಷಾನೂ ನೀವ ಅಳೀಬೇಕು. ಇಲ್ಲೇ ಇರ್ರಿ."

ಜೀಪು ಗೋಕಾಕದ ಕಡೆ ಹೊರಟಿತು. ಅಂಗಳದಲ್ಲಿ ಒಬ್ಬನೇ ಉಳಿದ ಸೋಮಶೇಖರ ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದ. ಅಷ್ಟರಲ್ಲಿ ನೊರೆ ಪೂರ್ತಿ ಇಳಿದಿತ್ತು. ಹಾಲು 290 ಮಿಲಿಲೀಟರ್ ಇತ್ತು.