ಸೆವ್ರಿನಮ್ಮನ ಬೋಗುಣಿ

ನಾನು ಒಂದು ಬೋಗುಣಿ. ಒಳಗೆ ಕಬ್ಬಿಣದ ತಗಡು, ಮೇಲೆ ಬಿಳಿ ಎನಾಮಲ್, ಅಂಚಿಗೆ ನೀಲಿ ಗೆರೆ. ಮುಂಬೈ ಕಡೆಯ ಒಂದು ಕಾರ್ಖಾನೆಯ ಕುಲುಮೆಯಲ್ಲಿ ಬೆಂದು ಹುಟ್ಟಿದವಳು. ಅಷ್ಟು ಬೇಗೆ ತಿಂದವಳಿಗೆ ಇನ್ನೇನು ಕಷ್ಟ ಬಂದೀತು ಅಂದುಕೊಂಡಿದ್ದೆ. ಅಯ್ಯೋ, ಎಳೆತನದ ಮಾತು ಅದು!

ಮಂಗಳೂರಿನ ಪೇಟೆಯಲ್ಲಿ ನನ್ನನ್ನು ಕೊಂಡವರು ಕ್ರಿಸ್ತಿನ್ ಬಾಯಿ. ಅವರ ಮನೆಯಲ್ಲಿ ನನ್ನೊಳಗೆ ಬೂತಾಯಿ ಮೀನು ತೊಳೆಯುತ್ತಿದ್ದರು. ಮೈಯೆಲ್ಲ ಹುರುಪೆ, ಸುತ್ತ ಬೆಕ್ಕುಗಳ ದರ್ಬಾರು. ಮಗಳು ಸೆವ್ರಿನ್ ಧರ್ಮಭಗಿನಿಯಾಗುತ್ತೇನೆಂದು ಹಟ ಹಿಡಿದಾಗ ತಾಯಿ ಅತ್ತರು, ಮುನಿಸಿಕೊಂಡರು, ಕೊನೆಗೆ ಬೂದಿ ಹಾಕಿ ನನ್ನನ್ನು ತಿಕ್ಕಿ ಬೆಳಗಿ ಮಗಳ ಪೆಟ್ಟಿಗೆಯ ಮೇಲಿಟ್ಟರು. "ಮುಖ ತೊಳೆಯಲಿಕ್ಕಾದರೂ ಆದೀತು ಮಗಾ" ಅಂದರು.

ಸೆವ್ರಿನ್ ನರ್ಸಿಂಗ್ ಕಲಿತು ಸಿಸ್ಟರ್ ಸೆವ್ರಿನ್ ಆದರು. ಅವರ ಭಗಿನಿಯರ ಸಭೆಯ ಹೆರಿಗೆ ಆಸ್ಪತ್ರೆಯಲ್ಲಿ ನನಗೂ ಕೆಲಸ ಸಿಕ್ಕಿತು. ಹುಟ್ಟಿದ ಕೂಸುಗಳ ಮೊದಲ ಸ್ನಾನ ನನ್ನೊಳಗೇ. ಮೀನಿನಿಂದ ಮಗುವಿಗೆ ಏರಿದ್ದೆ ನೋಡಿ, ಬಡ್ತಿ ಅಂದರೆ ಅದು! ನೀರು ತುಸು ಬಿಸಿಯಾದರೆ ಸಾಕು, ಕೂಸು ವಾರ್ಡನ್ನೇ ಎಬ್ಬಿಸುತ್ತಿತ್ತು. ಅದಕ್ಕೇ ಸಿಸ್ಟರ್ ಮೊದಲು ತಮ್ಮ ಬೆರಳು ಅದ್ದಿ ನೋಡುತ್ತಿದ್ದರು.

ಆಮೇಲೆ ಮೇಲಿನವರ ಆಜ್ಞೆ ಬಂತು. ಕೊಪ್ಪಳದ ಕಡೆ, ಊರಾಚೆ ಇದ್ದ ಕುಷ್ಠರೋಗಿಗಳ ದವಾಖಾನೆಗೆ ಹೋಗಬೇಕಂತೆ. ವಿಧೇಯತೆಯ ವ್ರತ ತೊಟ್ಟವರು ಯಾಕೆಂದು ಕೇಳುವಂತಿಲ್ಲ. ಬೋಗುಣಿಯನ್ನಂತೂ ಯಾರೂ ಏನೂ ಕೇಳುವುದಿಲ್ಲ.

ಅಲ್ಲಿ ನನ್ನೊಳಗೆ ಬಂದದ್ದು ಕಾಲುಗಳು. ಬೆರಳು ಸವೆದ ಕಾಲು, ಅಂಗಾಲು ಬಿರಿದ ಕಾಲು, ಹುಣ್ಣು ಕಟ್ಟಿದ ಕಾಲು. ರೋಗ ಮಾತ್ರೆಗೆ ವಾಸಿಯಾಗಿತ್ತು, ಸತ್ತ ಸ್ಪರ್ಶ ಮಾತ್ರ ಮರಳಿರಲಿಲ್ಲ. ಮುಳ್ಳು ಚುಚ್ಚಿದರೂ ತಿಳಿಯದು, ಬೆಂಕಿ ತಾಗಿದರೂ ತಿಳಿಯದು. ಕೂಸುಗಳಂತೆ ಕೂಗಿ ಹೇಳುವವರಲ್ಲ ಇವರು. ಹಾಗಾಗಿ ಇಲ್ಲಿಯೂ ಸಿಸ್ಟರ ಬೆರಳೇ ಮೊದಲು. ಬೆರಳು ಸರಿ ಅಂದ ಮೇಲೆ ಕಾಲು ನೀರಿಗೆ. ಅವರು ನೆಲಕ್ಕೆ ಮಂಡಿಯೂರಿ ಒಣ ಚರ್ಮ ಉಜ್ಜುತ್ತಿದ್ದರು, ಎಣ್ಣೆ ಹಚ್ಚುತ್ತಿದ್ದರು, ಎಲ್ಲರಿಗೂ ಒಂದೇ ಪಾಠ ಹೇಳುತ್ತಿದ್ದರು: "ದಿನಾ ಸಂಜೆ ಅಂಗಾಲು ತಿರುಗಿಸಿ ನೋಡಬೇಕು ಮಾರಾಯ್ರೇ. ನಿಮ್ಮ ಕಾಲು ಹೇಳುವುದಿಲ್ಲ, ಕಣ್ಣೇ ಹೇಳಬೇಕು."

ಹೀಗೆ ಮೂವತ್ತು ವರ್ಷ. ತುಂಬು, ತೊಳೆ, ಚೆಲ್ಲು, ಮತ್ತೆ ತುಂಬು. ನನ್ನ ಬಿಳಿ ಬಣ್ಣ ಅಲ್ಲಲ್ಲಿ ಸಿಡಿದು ಕಪ್ಪು ಕಂಡಿತು. ಮೊದಲು ಆರು ಮಂದಿ ಸಿಸ್ಟರುಗಳಿದ್ದರು. ಒಬ್ಬರು ಟಾಂಜಾನಿಯಾದ ಆಸ್ಪತ್ರೆಗೆ ಹೋದರು, ಇಬ್ಬರು ತೀರಿಕೊಂಡರು, ಮತ್ತಿಬ್ಬರು ವಯಸ್ಸಾಗಿ ಮಂಗಳೂರಿನ ವಿಶ್ರಾಂತಿ ಮನೆ ಸೇರಿದರು. ಕಡಲ ಕಡೆಯ ಹುಡುಗಿಯರು ಈಗ ಮಠಕ್ಕೆ ಬರುವುದೇ ಅಪರೂಪವಂತೆ. ಕೊನೆಗೆ ಜಾರ್ಖಂಡಿನಿಂದ ಸಿಸ್ಟರ್ ಪ್ರಫುಲ್ಲಾ ಬಂದರು. ಚುರುಕು ಹೆಣ್ಣು, ಆದರೆ ಕನ್ನಡ ನಾಲ್ಕೇ ಮಾತು: ಬನ್ನಿ, ಕೂತ್ಕೊಳ್ಳಿ, ಸರಿ, ಆಯ್ತು.

ರೋಗಿಗಳಲ್ಲಿ ಹಿರಿಯಳು ಗಾಳೆವ್ವ. ದೊಡ್ಡ ರೋಗ ಅಂತ ಗಂಡನ ಮನೆಯವರು ಹೊರಹಾಕಿದ್ದರು. ಸಿಸ್ಟರ್ ಬಂದ ವರ್ಷವೇ ಬಂದವಳು. ಕೈಬೆರಳು ಮಡಚಿದ್ದವು, ನಾಲಿಗೆ ಮಾತ್ರ ಕತ್ತರಿ. "ಗುಡ್ಡಕ್ಕ ಗುಡ್ಡ ಅಡ್ಡ ಐತಿ, ನಿಮ್ಮ ಮಾತಿಗೆ ಅಡ್ಡಾನ ಇಲ್ಲ ನೋಡ್ರಿ" ಎಂದು ಸಿಸ್ಟರನ್ನೇ ಕಿಚಾಯಿಸುತ್ತಿದ್ದಳು.

ಚಳಿಗಾಲದ ಒಂದು ಮುಂಜಾನೆ. ಸಿಸ್ಟರ್ ಸೆವ್ರಿನ್ ಹಂಡೆಯ ಬಿಸಿನೀರನ್ನು ನನ್ನೊಳಗೆ ಸುರಿದರು. ತಣ್ಣೀರು ಬೆರೆಸುವುದು ಮರೆತರು. ದಣಿದಿದ್ದರು, ಪಾಪ. ಎಂದಿನಂತೆ ಬೆರಳು ಅದ್ದಿದರು. "ಸರಿ ಉಂಟು, ಇಡು" ಅಂದರು.

ಸರಿ ಎಲ್ಲಿತ್ತು! ನನ್ನ ತಗಡು ಸುಡುತ್ತಿತ್ತು. ಗಾಳೆವ್ವ ನಿಶ್ಚಿಂತೆಯಿಂದ ಕಾಲಿಟ್ಟಳು. ನೀರಿನಲ್ಲಿದ್ದ ಕಾಲಿಗೂ ತಿಳಿಯಲಿಲ್ಲ, ನೀರು ನೋಡಿದ ಬೆರಳಿಗೂ ತಿಳಿಯಲಿಲ್ಲ. ತಿಳಿದದ್ದು ನನಗೊಬ್ಬಳಿಗೆ, ನನಗೆ ಬಾಯಿಲ್ಲ. ಒರೆಸುವ ಬಟ್ಟೆ ತಂದ ಪ್ರಫುಲ್ಲಾ ನನ್ನ ಅಂಚು ಮುಟ್ಟಿ ತಮ್ಮ ಭಾಷೆಯಲ್ಲಿ ಕಿರುಚಿ ಆ ಕಾಲನ್ನು ಎಳೆದು ತೆಗೆದರು. ಸಂಜೆಯ ಹೊತ್ತಿಗೆ ಚರ್ಮ ಹಪ್ಪಳದ ಹಾಗೆ ಉಬ್ಬಿತು.

ಸಿಸ್ಟರ್ ಸೆವ್ರಿನ್ ತಮ್ಮ ಬೆರಳುಗಳನ್ನೇ ನೋಡುತ್ತ ಕುಳಿತರು. ಸಕ್ಕರೆ ಕಾಯಿಲೆ ಹಳೆಯದು, ಮಾತ್ರೆ ನೆನಪಾದರೆ ನುಂಗುವುದು. ಅದು ಮೆಲ್ಲಗೆ ಅವರ ಸ್ಪರ್ಶವನ್ನೂ ತಿಂದಿತ್ತು. ಪ್ರಫುಲ್ಲಾ ಬಂದು ಸಿಸ್ಟರ ಕ್ಯಾನ್ವಾಸ್ ಬೂಟು ಬಿಚ್ಚಿ ನೋಡಿದರೆ ಕಾಲುಚೀಲ ಅಂಗಾಲಿಗೆ ಅಂಟಿಕೊಂಡಿತ್ತು. ಒಳಗೆ ಹುಣ್ಣು. ಊರಿಗೆಲ್ಲ ಅಂಗಾಲು ನೋಡಿಕೊಳ್ಳಿ ಅಂದವರಿಗೆ ತಮ್ಮ ಅಂಗಾಲಿನ ಸುದ್ದಿಯೇ ಇಲ್ಲ. ದೀಪದ ಬುಡದಲ್ಲಿ ಕತ್ತಲು ಅಂತ ಸುಮ್ಮನೆ ಹೇಳುತ್ತಾರೆಯೇ?

ಪಟ್ಟಣದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ದಿನಾ ತೊಳೆದು ಕಟ್ಟಿಸಿಕೊಳ್ಳಬೇಕು, ಕಾಲಿನ ಮೇಲೆ ಭಾರ ಹಾಕಬಾರದು, ಇಲ್ಲದಿದ್ದರೆ ಪಾದ ಕತ್ತರಿಸಬೇಕಾದೀತು. ಪಾದ ಹೋದರೆ ಅವರಿಗೂ ವಿಶ್ರಾಂತಿ ಮನೆಯೇ ಗತಿ.

ಕೇಳಿದರೇ? ಇಲ್ಲ. ಬಾಗಿಲು ಹಾಕಿಕೊಂಡು ತಾವೇ ಹೇಗೋ ಬಟ್ಟೆ ಸುತ್ತಿಕೊಂಡರು. ಪ್ರಫುಲ್ಲಾ ಕೈ ಚಾಚಿದರೆ "ನನಗೆ ಎಂತದೂ ಆಗಲಿಲ್ಲ, ನೀನು ಅವರನ್ನು ನೋಡು" ಎಂದು ಗದರಿದರು. ರೋಗಿಗಳ ಬೆಂಚಿನ ಮೇಲೆ ಕೂತು, ಎಲ್ಲರೆದುರು ಕಾಲು ಚಾಚುವುದೇ? ಮಂಡಿಯೂರಿ ಕೂರಲು ಬರುತ್ತಿತ್ತು ಅವರಿಗೆ, ಬೆಂಚಿನ ಮೇಲೆ ಕೂರಲು ಬರುತ್ತಿರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ವಿನಯ ಅಂತ ಜನ ಅಂದುಕೊಂಡಾರು, ನಾನು ಸೊಕ್ಕು ಅನ್ನುತ್ತೇನೆ. ವಾರ ಕಳೆಯುವುದರಲ್ಲಿ ಹುಣ್ಣಿನ ವಾಸನೆ ಕೋಣೆಯಾಚೆಗೂ ಬಂತು.

ಕಾಲು ತೊಳೆಸಿಕೊಳ್ಳಲು ರೋಗಿಗಳೆಲ್ಲ ಸೇರುವ ಮುಂದಿನ ದವಾಖಾನೆ ದಿನ ಗಾಳೆವ್ವ ಸುಟ್ಟ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತ ಬಂದಳು. ಸಿಸ್ಟರ ಕಣ್ಣಲ್ಲಿ ನೀರು. "ತಪ್ಪಾಯ್ತು ಗಾಳೆವ್ವ."

"ಸುಟ್ಟಿದ್ದಕ್ಕ ಸಿಟ್ಟಿಲ್ಲ ಬಿಡ್ರಿ. ಆದ್ರ ಇವತ್ತ ನಾ ಕಾಲ ಇಡಂಗಿಲ್ಲ."

"ಯಾಕೆ? ಪ್ರಫುಲ್ಲಾ ನೀರು ನೋಡಿದ್ದಾಳೆ. ಆ ಇನ್ನೊಂದು ಕಾಲು ಇಡು."

"ನೀವೂ ಇಡ್ರಿ, ನಾನೂ ಇಡ್ತೀನಿ."

"ಹುಚ್ಚಾಟ ಬೇಡ ಮಾರಾಯ್ತಿ."

"ಯಾರದು ಹುಚ್ಚಾಟ?" ಗಾಳೆವ್ವನ ದನಿ ಏರಿತು. "ಹೆತ್ತಾಕಿ ಮುಟ್ಟದ ಕಾಲ ನಿಮ್ಮ ಕೈಯಾಗ ಕೊಟ್ಟೀವಿ ಅಮ್ಮಾರ. ಮೊದಲ ದಿನ ನಾ ನಾಚಿಕಿಗೆ ಸತ್ತಂಗ ಆಗಿದ್ದೆ, ಗೊತ್ತೈತೇನು? ಆದ್ರೂ ಕೊಟ್ಟೆ. ನಿಮಗೇನ ಆಗೇತಿ ಕೊಡಾಕ? ನಮ್ಮ ಸಾಲಿನ್ಯಾಗ ಕುಂತ್ರ ನೀವು ಸಣ್ಣಾಕಿ ಆಗ್ತೀರೇನು?"

ಗಾಳೆವ್ವ ಎರಡೂ ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟುಕೊಂಡಳು. ಅವಳ ಪಕ್ಕದ ಚನ್ನಪ್ಪನೂ ಎತ್ತಿಕೊಂಡ. ಅವನ ಪಕ್ಕದವರೂ, ಅವರ ಪಕ್ಕದವರೂ. ಬೆಂಚಿನ ತುಂಬ ಜನ, ನೆಲದ ಮೇಲೆ ಒಂದು ಕಾಲೂ ಇಲ್ಲ. ಅಂಥ ಮುಷ್ಕರ ನಾನು ಕಂಡಿಲ್ಲ.

ಪ್ರಫುಲ್ಲಾ ಸಿಸ್ಟರಿಗೆ ಬೆಂಚಿನತ್ತ ಕೈ ತೋರಿಸಿದರು. ಆಮೇಲೆ ತಮ್ಮ ನಾಲ್ಕು ಮಾತುಗಳಲ್ಲಿ ಒಂದನ್ನು ಮೆಲ್ಲಗೆ ಆಡಿದರು: "ಕೂತ್ಕೊಳ್ಳಿ."

ಸಿಸ್ಟರ್ ಸೆವ್ರಿನ್ ಸೋತರು. ಕುಂಟುತ್ತ ಬಂದು ಬೆಂಚಿನ ಮುಂದಿನ ತುದಿಯಲ್ಲಿ ಕೂರಲು ಹೋದರು.

"ಅಲ್ಲಲ್ಲ, ಸರದಿ ಐತ್ರಿ!" ಗಾಳೆವ್ವ ಕೈ ಅಡ್ಡ ಹಿಡಿದಳು. "ನಾವು ಬೆಳಗಿಂದ ಕುಂತೀವಿ. ಹಿಂದ ಹೋಗಿ ಕುಂದರ್ರಿ."

ಬೆಂಚಿನವರೆಲ್ಲ ಗೊಳ್ಳೆಂದು ನಕ್ಕರು. ಸಿಸ್ಟರೂ ನಕ್ಕರು, ನಗುತ್ತಲೇ ಅತ್ತರು, ಹೋಗಿ ಕಟ್ಟಕಡೆಗೆ ಕುಳಿತರು. ಎಲ್ಲರ ಕಾಲುಗಳೂ ಕೆಳಗಿಳಿದವು. ಒಬ್ಬೊಬ್ಬರಿಗೂ ನೀರು ಬದಲಾಯಿಸುತ್ತ ಪ್ರಫುಲ್ಲಾ ಕೊನೆಗೆ ಅವರ ಬಳಿ ಬಂದಾಗ ಬಿಸಿಲೇರಿತ್ತು. ಮೂವತ್ತು ವರ್ಷ ಆ ಮುಖವನ್ನು ಕೆಳಗಿನಿಂದ ನೋಡಿದ್ದೆ, ಪಾದ ಕಂಡದ್ದು ಅಂದೇ ಮೊದಲು. ಉಳಿದ ಪಾದಗಳ ಹಾಗೇ ಇತ್ತು, ಅಷ್ಟೇ ದಣಿದಿತ್ತು. ಸಿಸ್ಟರ್ ಗೋಡೆಗೊರಗಿ "ಯೇಸುವೇ, ಕೂರುವುದು ಎಷ್ಟು ಸುಖ" ಅಂದರು. ಕೂತಲ್ಲೇ ನಿದ್ದೆ ಹೋದರು. ಗಾಳೆವ್ವ ಮಡಚಿದ ಕೈಯನ್ನು ತುಟಿಗೆ ಹಿಡಿದು ಎಲ್ಲರನ್ನೂ ಸುಮ್ಮನಾಗಿಸಿದಳು.

ಈಗ ನನ್ನ ತಳ ತೂತಾಗಿದೆ. ದವಾಖಾನೆಗೆ ಪ್ಲಾಸ್ಟಿಕ್ ಟಬ್ಬುಗಳು ಬಂದಿವೆ. ನಾನು ಪಂಪಿನ ಹಿಂದೆ ಮಗುಚಿ ಬಿದ್ದಿದ್ದೇನೆ. ಇಲ್ಲಿಂದ ಏನೂ ಕಾಣುವುದಿಲ್ಲ, ಕೇಳುತ್ತದೆ ಅಷ್ಟೇ. ದವಾಖಾನೆ ದಿನ ಗಾಳೆವ್ವನ ದನಿ ಬರುತ್ತದೆ: "ಸಿಸ್ಟರ, ಎರಡೂ ಕಾಲ ಇಡ್ರಿ, ಒಂದಲ್ಲ!" ಎರಡೂ ಅಂದಳಲ್ಲ, ಪಾದ ಉಳಿದಿದೆ. ದಣಿದ ಜೀವಕ್ಕೆ ಅಷ್ಟು ಕೇಳಿದರೆ ಸಾಕು, ಕಣ್ಣು ಮುಚ್ಚುತ್ತೇನೆ.